ಮೊದಲು ಹತ್ತಿದ ಮೂರನೇ ದೀಪ

ಕಳ್ಳತನ ಬೆಳಕಿಗೆ ಬಂದದ್ದು ವೇದಾಳ ಒಂದು ಹಳೆಯ ಚಾಳಿಯಿಂದ.

ಸೋಮವಾರ ದೋಹಾದಲ್ಲಿ ಯಂತ್ರೋಪಕರಣಗಳ ಪ್ರದರ್ಶನ ನಡೆದಿತ್ತು. ಪ್ರತಿಸ್ಪರ್ಧಿ ಕಂಪನಿಯೊಂದರ ಮಳಿಗೆಯಲ್ಲಿ ಹೊಸ ಪಂಪ್ ಕಂಟ್ರೋಲ್ ಬೋರ್ಡು ಇಟ್ಟಿದ್ದರು. ನಾಲ್ಕು ಪಂಪುಗಳಿಗೆ ನಾಲ್ಕು ಹಸಿರು ದೀಪ, ಪಕ್ಕದಲ್ಲೊಂದು ಹಳದಿ ದೀಪ. ಕರೆಂಟು ಹೋಗಿ ಬಂದಾಗ ಪಂಪುಗಳೆಲ್ಲ ಒಟ್ಟಿಗೆ ಹೊರಟರೆ ಲೈನು ತಡೆಯುವುದಿಲ್ಲ. ಒಂದಾದ ಮೇಲೊಂದು ಹೊರಡಬೇಕು. ಬೋರ್ಡಿನ ಕೆಲಸ ಅಷ್ಟೇ. ಅಂಥದ್ದೇ ಬೋರ್ಡು ಮಾಡುವ ಎಂಜಿನಿಯರ್ ವೇದಾ ಸ್ವಿಚ್ಚು ಹಾಕಿದಳು. ಒಂದು, ಎರಡು, ಮೂರು, ನಾಲ್ಕು — ದೀಪಗಳು ಸಾಲಾಗಿ ಹತ್ತಿದವು.

ಯಾವ ಬೋರ್ಡು ಕಂಡರೂ ಸ್ವಿಚ್ಚನ್ನು ಟಕಟಕನೆ ಎರಡು ಸಲ ಆರಿಸಿ ಹಾಕದಿದ್ದರೆ ಅವಳ ಕೈ ಸುಮ್ಮನಿರುವುದಿಲ್ಲ. ಹಾಗೇ ಮಾಡಿದಳು.

ಮೂರನೇ ದೀಪ ಮೊದಲು ಹತ್ತಿತು!

ಹಿಂದೆಯೇ ಹಳದಿ ದೀಪ ಮಿನುಗತೊಡಗಿತು — ಒಂದು ಉದ್ದ, ಎರಡು ಗಿಡ್ಡ. ಒಂದು ಉದ್ದ, ಎರಡು ಗಿಡ್ಡ.

ಆ ಮಿನುಗು ವೇದಾಳ ಆಫೀಸಿನದು. ಮೂರನೇ ದೀಪದ ಆ ತಪ್ಪೂ ಅವಳ ಆಫೀಸಿನದೇ. ಪರರ ಮೇಜಿನ ಮೇಲೆ ಅವಳ ಸರ್ಕ್ಯೂಟ್ ಲೈಬ್ರರಿಯ ಒಂದು ತುಂಡು, ಒಂದು ಬ್ಲಾಕು, ಕೂತಿತ್ತು.

*

ಬುಧವಾರ ಬೆಳಗ್ಗೆ ಹತ್ತು ಗಂಟೆ. ದೋಹಾದ ವೆಸ್ಟ್ ಬೇಯಲ್ಲಿ, ಕಟ್ಟಡವೊಂದರ ಹತ್ತೊಂಬತ್ತನೇ ಮಹಡಿಯ ಆಫೀಸಿನಲ್ಲಿ ವೇದಾ ಎರಡು ಪುಟದ ವರದಿ ಹಿಡಿದುಕೊಂಡು ಸಕೀನಾಳ ಮೇಜಿನ ಮುಂದೆ ನಿಂತಿದ್ದಳು. ಸಕೀನಾ ಆಫೀಸಿನ ಡಾಕ್ಯುಮೆಂಟ್ ಕಂಟ್ರೋಲರ್. ಹೊರಗೆ ಹೋಗುವ, ಒಳಗೆ ಬರುವ ಪ್ರತಿ ಕಾಗದಕ್ಕೂ ನಂಬರು ಹಾಕುವವಳು. ಬಂಟ್ವಾಳದ ಕಡೆಯವಳು, ಐವತ್ತೆರಡು ವರ್ಷ, ಅದರಲ್ಲಿ ನಲವತ್ತನ್ನು ದೋಹಾದಲ್ಲೇ ಕಳೆದವಳು. ಅವಳ ನಂಬರಿಲ್ಲದೆ ವರದಿ ಜನರಲ್ ಮ್ಯಾನೇಜರ್ ಆಲ್ಬರ್ಟ್ ಅವರ ಮೇಜಿಗೆ ಹೋಗುವ ಹಾಗಿಲ್ಲ.

“ಮಧ್ಯಾಹ್ನ ಎರಡು ಗಂಟೆ ಒಳಗೆ ಕೊಡ್ಬೇಕು ಸಕೀನಾಕ್ಕ. ಒಂದು ನಂಬರ್ ಹಾಕ್ಬಿಡಿ.”

“ನಂಬರ್ ಹಾಕ್ಲಿಕ್ಕೆ ಎಂತ, ಹಾಕುವ. ಆದ್ರೆ ಓದದೆ ನಾನು ಯಾವ ಕಾಗದಕ್ಕೂ ನಂಬರ್ ಕೊಟ್ಟವಳಲ್ಲ.”

ಕನ್ನಡಕ ಏರಿಸಿ ಓದಿದಳು. ಲೈಬ್ರರಿ ಕಳುವಾಗಿದೆ. ಹಿಂದಿನ ತಿಂಗಳ ಒಂದು ಗುರುವಾರ ಸಂಜೆ ಇಡೀ ಲೈಬ್ರರಿಯನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡವನು ಫಾಯಿಝ್, ಪರೀಕ್ಷಾ ವಿಭಾಗದ ಎಂಜಿನಿಯರ್. ಬೇರೆ ಯಾರೂ ಹಾಗೆ ಮಾಡಿದ ದಾಖಲೆ ಇಲ್ಲ. ಆದ್ದರಿಂದ — 

ಆದ್ದರಿಂದ ಎಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ಕೆಲಸ ಹೋಗುತ್ತದೆ, ವೀಸಾ ರದ್ದಾಗುತ್ತದೆ. ವರ್ಷಕ್ಕೂ ಹೆಚ್ಚು ಕಾದು, ಎರಡು ತಿಂಗಳ ಹಿಂದಷ್ಟೇ ಫಾಯಿಝ್ ಹೆಂಡತಿ ಹಸ್ನಾಳನ್ನೂ ಮಗಳನ್ನೂ ಉಳ್ಳಾಲದಿಂದ ಕರೆಸಿಕೊಂಡಿದ್ದ. ದೋಹಾದ ಹೊರವಲಯದ ಅಲ್ ವುಕೈರ್‌ನಲ್ಲಿ ಎರಡು ಕೋಣೆಯ ಮನೆ ಮಾಡಿದ್ದ. ಕಳ್ಳನೆಂಬ ಹೆಸರು ಹೊತ್ತು ಹೋದವನಿಗೆ ಕೊಲ್ಲಿಯಲ್ಲಿ ಇನ್ನೊಂದು ಕಡೆ ಕೆಲಸ ಯಾರು ಕೊಟ್ಟಾರು?

“ಸಹಿ ನಿಮ್ಮದು,” ಎಂದಳು ಸಕೀನಾ. “ನಿಮಗೆ ನಂಬಿಕೆ ಉಂಟಾ?”

ವೇದಾ ಕಣ್ಣುಜ್ಜಿಕೊಂಡಳು. ಎರಡು ದಿನದಿಂದ ನಿದ್ದೆ ಇಲ್ಲದೆ ಅವು ಉರಿಯುತ್ತಿದ್ದವು.

“ದಾಖಲೆ ಹಾಗೆ ಹೇಳ್ತಿದೆ.”

“ದಾಖಲೆ ನಾನು ಇಡುವವಳು ಮಾರಾಯ್ರೆ. ಅದು ಏನು ಕೇಳ್ತೀರೋ ಅಷ್ಟನ್ನೇ ಹೇಳ್ತದೆ. ಫಾಯಿಝ್‌ನನ್ನು ಕರೆಯಿರಿ.”

*

ಫಾಯಿಝ್ ಬಂದ. ಗಡ್ಡ ಕೆದರಿತ್ತು. ಕೂರು ಎಂದರೂ ಕೂರಲಿಲ್ಲ.

“ಲೈಬ್ರರಿ ಇಳಿಸಿದ್ದು ಹೌದಾ?” ಸಕೀನಾ ನೇರವಾಗಿ ಕೇಳಿದಳು.

“ಹೌದಕ್ಕ.”

“ಯಾಕೆ?”

“ಇಡೀ ಲೈಬ್ರರಿಯ ಟೆಸ್ಟ್ ಓಡಿಸ್ಲಿಕ್ಕೆ ಎರಡು ದಿನ ಬೇಕು. ಕೆಲಸದ ದಿನ ಮೆಷಿನ್ ಸಿಗುವುದಿಲ್ಲ. ಅದಕ್ಕೆ ರಜೆಯ ದಿನ, ಶುಕ್ರವಾರ, ಶನಿವಾರ ಓಡಿಸುವುದು. ಆ ವಾರ ಲ್ಯಾಬಿನ ಮೆಷಿನ್ ಹಾಳಾಗಿತ್ತು, ಮನೆಗೆ ತಗೊಂಡು ಹೋದೆ. ಭಾನುವಾರ ಬೆಳಿಗ್ಗೆ ರಿಸಲ್ಟ್ ಮೇಲ್ ಮಾಡಿದ್ದೇನೆ. ಆಲ್ಬರ್ಟ್ ಸಾರ್ ಅದು ನೆಪ ಅಂತಾರೆ.”

“ಯಾರನ್ನಾದ್ರೂ ಕೇಳಿ ತಗೊಂಡು ಹೋದದ್ದಾ?”

“ಇಲ್ಲ. ಅದು ನನ್ನ ತಪ್ಪು.” ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. “ಆದ್ರೆ ಕದ್ದಿಲ್ಲ ಅಕ್ಕ. ಮಗಳಾಣೆ ಕದ್ದಿಲ್ಲ.”

“ಆಣೆ ಎಲ್ಲ ಬೇಡ. ಹೋಗು, ಏನಾದರೂ ತಿಂದು ಬಾ. ಮುಖ ನೋಡು, ಹೇಗಾಗಿದೆ.”

ಅವನು ಹೋದ ಮೇಲೆ ಸಕೀನಾ ಪ್ಯಾಂಟ್ರಿಯಿಂದ ಎರಡು ಲೋಟ ಗಟ್ಟಿ ಹಾಲಿನ ಕರಕ್ ಚಹಾ ತರಿಸಿದಳು.

“ಈಗ ನನಗೆ ಅರ್ಥ ಆಗುವ ಹಾಗೆ ಹೇಳಿ. ಈ ಲೈಬ್ರರಿ ಅಂದ್ರೆ ಎಂತದು? ಆರು ವರ್ಷದಿಂದ ನಂಬರ್ ಹಾಕ್ತಿದ್ದೇನೆ, ಕೇಳಿದ್ದು ಇವತ್ತೇ.”

ವೇದಾಗೆ ನಗು ಬಂತು. ಎರಡು ದಿನದಲ್ಲಿ ಮೊದಲ ಸಲ.

“ನಮ್ಮ ಬೋರ್ಡಿನ ಚಿಪ್ ಅಂಗಡಿಯಿಂದ ಖಾಲಿ ಬರುತ್ತೆ ಸಕೀನಾಕ್ಕ. ಒಳಗಿನ ಸರ್ಕ್ಯೂಟ್ ಹೇಗಿರ್ಬೇಕು ಅಂತ ನಾವು ಬರೆದು ತುಂಬ್ತೀವಿ. ಬೇಕಾದ್ರೆ ನಾಳೆ ಅಳಿಸಿ ಬೇರೆ ತುಂಬಬಹುದು. ಪ್ರತಿ ಸಲ ಎಲ್ಲಾನೂ ಮೊದಲಿಂದ ಬರೀತಾ ಕೂತ್ರೆ ಮುಗಿಯಲ್ಲ. ಅದಕ್ಕೆ ಒಂದೊಂದು ಕೆಲಸದ ತುಂಡನ್ನ ಒಂದೇ ಸಲ ಬರೆದು, ಚೆನ್ನಾಗಿ ಪರೀಕ್ಷೆ ಮಾಡಿ ಎತ್ತಿಡ್ತೀವಿ. ಅದು ಬ್ಲಾಕು. ಅಂಥ ಇನ್ನೂರ ಹನ್ನೆರಡು ಇವೆ. ಹೊಸ ಪ್ರಾಜೆಕ್ಟ್ ಬಂದ್ರೆ ಲೈಬ್ರರಿಗೆ ಕೊಂಡಿ ಹಾಕಿ ಬೇಕಾದ್ದನ್ನ ಜೋಡಿಸ್ಕೊಳ್ಳೋದು.”

“ಇಲ್ಲೇ ದೋಹಾದ ನಜ್ಮಾದಲ್ಲಿ ನಮ್ಮ ತಂದೆಯದ್ದು ಟೈಲರ್ ಅಂಗಡಿ ಇತ್ತು. ಗೋಡೆಯ ಮೊಳೆಯಲ್ಲಿ ಕಂದು ಕಾಗದದ ಕಟಿಂಗ್‌ಗಳು ನೇತಾಡ್ತಿದ್ದವು. ಯಾರ ಅಂಗಿ ಆದ್ರೂ ಕಾಲರಿಗೆ ಅದೇ ಕಾಗದ. ಹಾಗೆಯಾ?”

“ಹಾಗೇನೇ.”

“ಕಾಲರ್ ಕಾಗದದಲ್ಲಿ ತಪ್ಪಿದ್ರೆ?”

“ಲೈಬ್ರರಿಲಿ ಒಂದು ಕಡೆ ಸರಿ ಮಾಡಿದ್ರೆ ಸಾಕು, ಕೊಂಡಿ ಹಾಕಿದ ಎಲ್ಲ ಪ್ರಾಜೆಕ್ಟಿಗೂ ಸರಿಯಾದದ್ದೇ ಹೋಗುತ್ತೆ. ಅದೇ ಅದರ ದೊಡ್ಡಸ್ತಿಕೆ. ಲೈಬ್ರರಿಯಿಂದ ಬಂದ ಬ್ಲಾಕು ಅಂದ್ರೆ ನಾವು ಮತ್ತೆ ಪರೀಕ್ಷೆನೇ ಮಾಡಲ್ಲ.”

ಸಕೀನಾ ಚಹಾ ಹೀರಿದಳು. “ಪ್ರದರ್ಶನದಲ್ಲಿ ನೀವು ನೋಡಿದ್ದು ಎಂತದು? ಒಂದೂ ಬಿಡದೆ ಹೇಳಿ.”

ವೇದಾ ಹೇಳಿದಳು. ಸ್ವಿಚ್ಚು ಎರಡು ಸಲ. ಮೂರನೇ ದೀಪ ಮೊದಲು. ಆಮೇಲೆ ಹಳದಿ ಮಿನುಗು.

“ಮೂರನೇ ದೀಪ ಮೊದಲು ಹತ್ತುವುದು ಸರಿಯಾ, ತಪ್ಪಾ?”

“ತಪ್ಪು. ಕರೆಂಟು ಬೇಗ ಬೇಗ ಎರಡು ಸಲ ಹೋಗಿ ಬಂದ್ರೆ ಎಣಿಕೆ ಎಡವುತ್ತೆ. ಮುದ್ದುಕೃಷ್ಣ ಸರ್ ಹನ್ನೊಂದು ವರ್ಷದ ಹಿಂದೆ ಬರೆದ ಬ್ಲಾಕು ಅದು. ತಪ್ಪು ಬಹಳ ದಿನ ಯಾರ ಕಣ್ಣಿಗೂ ಬೀಳಲಿಲ್ಲ.”

“ಈಗಲೂ ಲೈಬ್ರರಿಯಲ್ಲಿ ಆ ತಪ್ಪು ಉಂಟಾ?”

“ಇಲ್ಲ, ನಾನೇ ಸರಿ ಮಾಡಿ...” ವೇದಾ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು.

“ಯಾವಾಗ?”

“ಎರಡು ವರ್ಷದ ಹಿಂದೆ.”

“ಹಳದಿ ಮಿನುಗು?”

“ಈ ಜನವರಿಲಿ. ಫಾಯಿಝ್ ಸೇರಿಸಿದ್ದು.”

ಸಕೀನಾ ಲೋಟ ಕೆಳಗಿಟ್ಟಳು. ಹಿಂದಿನ ಕಪಾಟಿನಿಂದ ಒಂದು ದಪ್ಪ ಫೈಲು ಎಳೆದಳು.

“ಹಳೆಯ, ತಪ್ಪಿರುವ ಬ್ಲಾಕು ಈಗ ಎಲ್ಲಿ ಸಿಗ್ತದೆ?”

“ಆರ್ಕೈವ್‌ನಲ್ಲಿ. ಅಲ್ಲಿಂದ ತೆಗೆಯೋಕೆ ನಿಮ್ಮ ಸಹಿ ಬೇಕಲ್ಲ.”

“ಬೇಕು. ಎರಡು ವರ್ಷದಲ್ಲಿ ಯಾರೂ ಕೇಳಿಲ್ಲ. ಇಲ್ಲಿ ನೋಡಿ, ಪುಟ ಖಾಲಿ.” ಫೈಲು ಮುಚ್ಚಿದಳು. “ಫಾಯಿಝ್‌ನ ಜಾಯ್ನಿಂಗ್ ಪೇಪರಿಗೆ ನಂಬರ್ ಹಾಕಿದವಳೂ ನಾನೇ. ಒಂದೂವರೆ ವರ್ಷ ಆಯ್ತು. ಅವನು ಬರುವಾಗ ಆ ತಪ್ಪು ಹೋಗಿ ಆಗಿತ್ತು.”

ವೇದಾ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು. ಎರಡು ದಿನದಿಂದ ಕಣ್ಣ ಮುಂದೆಯೇ ಇದ್ದದ್ದು! ತಪ್ಪೂ ನಮ್ಮದು, ಮಿನುಗೂ ನಮ್ಮದು ಎಂದು ಕುದಿಯುತ್ತಿದ್ದವಳು ಎರಡರ ವಯಸ್ಸನ್ನು ಕೇಳಿರಲಿಲ್ಲ.

“ಹಾಗಾದ್ರೆ ಯಾರು?”

“ನಾನು ಮೊದಲು ಕಟ್ಟಡ ಕಟ್ಟುವ ಕಂಪನಿಯಲ್ಲಿದ್ದೆ,” ಎಂದಳು ಸಕೀನಾ, ಪ್ರಶ್ನೆ ಕೇಳಿಸದವಳಂತೆ. “ಅಲ್ಲಿ ಒಬ್ಬ ಫೋರ್ಮನ್. ಡ್ರಾಯಿಂಗ್ ಬದಲಾಯ್ತು, ಹಳೆಯದನ್ನು ವಾಪಸ್ ಕೊಡಿ ಅಂದ್ರೆ ಕೊಡ್ಲಿಲ್ಲ. ಡ್ರಾವರಿನಲ್ಲಿಟ್ಟ. ಹೊಸತರಲ್ಲಿ ಏನು ಬಂತೋ ಅದನ್ನು ಪೆನ್ಸಿಲಿನಲ್ಲಿ ಹಳೆಯದರ ಮೇಲೇ ಬರ್ಕೊಂಡ. ಅರ್ಧ ಬರ್ಕೊಂಡ, ಅರ್ಧ ಬಿಟ್ಟ. ಲಿಫ್ಟ್ ಬರುವಲ್ಲಿ ಬಾತ್‌ರೂಮ್ ಬಂತು. ಖಲಾಸ್!” ಅವಳು ಎದ್ದಳು. “ಲ್ಯಾಬಿಗೆ ಹೋಗುವ. ಯಲ್ಲಾ, ಹೊರಡಿ.”

*

ಲ್ಯಾಬಿನ ಉದ್ದ ಮೇಜಿನ ಮೇಲೆ ಮೂರು ಪಂಪ್ ಬೋರ್ಡುಗಳಿದ್ದವು. ತಪ್ಪು ಸರಿಯಾಗುವ ಮುಂಚಿನಿಂದ ಇದ್ದ ಡಿಸೈನ್ ಎಂಜಿನಿಯರುಗಳೂ ಮೂವರೇ — ವೇದಾ, ನಾಗಾರ್ಜುನ, ಮುದ್ದುಕೃಷ್ಣ. ಒಬ್ಬೊಬ್ಬರದು ಒಂದೊಂದು ಬೋರ್ಡು.

ಬೆಂಗಳೂರಿನ ನಾಗಾರ್ಜುನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ರಾಜೀನಾಮೆ ಕೊಟ್ಟಾಗಿತ್ತು, ತಿಂಗಳ ಕೊನೆಗೆ ಹೊರಡುವವನು. ಎಲ್ಲಿಗೆ ಎಂದು ಯಾರಿಗೂ ಹೇಳಿರಲಿಲ್ಲ. ಆಚೆ ಕಿಟಕಿಯ ಪಕ್ಕದಲ್ಲಿ ಮುದ್ದುಕೃಷ್ಣ ಭೂತಗಾಜಿನಡಿ ಒಂದು ಬೋರ್ಡು ಹಿಡಿದು ನೋಡುತ್ತಿದ್ದರು. ಮೈಸೂರಿನವರು, ಐವತ್ತೇಳು ವರ್ಷ. ವೇದಾಗೆ ಈ ವಿದ್ಯೆಯ ಅಆಇಈ ಕಲಿಸಿದವರು.

“ಏನ್ ಸಕೀನಾ ಮೇಡಂ, ಲ್ಯಾಬ್ ಕಡೆ?” ನಾಗಾರ್ಜುನ ಹೆಡ್‌ಫೋನ್ ತೆಗೆದ. “ಕಳ್ಳ ಸಿಕ್ಕಿದ್ನಂತಲ್ಲ?”

“ಸಿಗ್ಲಿಕ್ಕುಂಟು. ನಿಮ್ಮ ಹೊಸ ಕೆಲಸ ಎಲ್ಲಿ?”

ಅವನ ಮುಖ ಬಿಗಿಯಿತು. “ಅದ್ಯಾಕೆ?”

“ಕೇಳಿದೆ ಅಷ್ಟೆ.”

“ಆ ಕಂಪನಿಗಲ್ಲ ಬಿಡಿ. ಎಲ್ರೂ ಹಂಗೇ ಅನ್ಕೊಂಡಿದೀರ ಅಂತ ಗೊತ್ತು. ನಾನು ಮೇಷ್ಟ್ರ ಕೆಲಸಕ್ಕೆ ಹೋಗ್ತಿದೀನಿ, ಕಾಲೇಜಿಗೆ. ನಗ್ತೀರ ಅಂತ ಹೇಳಿರ್ಲಿಲ್ಲ.”

ಯಾರೂ ನಗಲಿಲ್ಲ.

“ಈ ಬೋರ್ಡುಗಳ ಸ್ವಿಚ್ಚು ಎಲ್ಲಿ?” ಸಕೀನಾ ಕೇಳಿದಳು. “ಮೊದಲು ವೇದಾ ಮೇಡಮ್ಮಂದು.”

ವೇದಾ ತನ್ನ ಬೋರ್ಡನ್ನು ಮುಂದಕ್ಕೆ ತಳ್ಳಿದಳು. ಒಂದು ವೇಳೆ ತನ್ನದೇ ಆಗಿದ್ದರೆ? ಯಾವುದೋ ಅವಸರದಲ್ಲಿ ತಾನೇ ಹಳೆಯದನ್ನು ನಕಲು ಮಾಡಿಕೊಂಡು ಮರೆತಿದ್ದರೆ? ಸಕೀನಾ ಟಕಟಕನೆ ಎರಡು ಸಲ ಆರಿಸಿ ಹಾಕಿದಳು.

ಒಂದು. ಎರಡು. ಮೂರು. ನಾಲ್ಕು. ವೇದಾ ಉಸಿರು ಬಿಟ್ಟಳು.

ನಾಗಾರ್ಜುನನ ಬೋರ್ಡು. ಟಕಟಕ. ಒಂದು. ಎರಡು. ಮೂರು. ನಾಲ್ಕು.

ಮೂರನೆಯದು ಮುದ್ದುಕೃಷ್ಣರದು, ಅಲ್ ವುಕೈರ್‌ನ ಹೊಸ ಪಂಪ್‌ಹೌಸಿಗೆಂದು ಮಾಡಿದ್ದು; ನಿನ್ನೆಯಷ್ಟೇ ಮೇಜಿಗೆ ಬಂದ ಅದನ್ನು ವೇದಾ ಇನ್ನೂ ಮುಟ್ಟಿರಲಿಲ್ಲ. ಸಕೀನಾಳ ಕೈ ಅದರ ಮೇಲೆ ಹೋಗುತ್ತಿದ್ದಂತೆ ಕಿಟಕಿಯ ಪಕ್ಕದಲ್ಲಿ ಭೂತಗಾಜು ಮೇಜಿಗೆ ತಗುಲಿದ ಸದ್ದಾಯಿತು. ವೇದಾ ತಿರುಗಿ ನೋಡಿದಳು. ಮುದ್ದುಕೃಷ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು.

ಬೇಡ, ಅನ್ನಿಸಿತು ವೇದಾಗೆ. ಇದೊಂದನ್ನು ಒತ್ತುವುದು ಬೇಡ.

ಟಕಟಕ.

ಮೂರನೇ ದೀಪ ಮೊದಲು ಹತ್ತಿತು. ಹಳದಿ ದೀಪ ಮಿನುಗಿತು — ಒಂದು ಉದ್ದ, ಎರಡು ಗಿಡ್ಡ.

ನಾಗಾರ್ಜುನ ಕುರ್ಚಿ ಬಿಟ್ಟು ಎದ್ದ.

“ಸಾರ್,” ಎಂದಳು ಸಕೀನಾ ಮೆಲ್ಲಗೆ. “ನೀವು ಹೇಳ್ತೀರಾ, ನಾನು ಹೇಳಬೇಕಾ?”

ಅವರು ಕನ್ನಡಕ ಒರೆಸುತ್ತಲೇ ಇದ್ದರು.

“ನಾನೇ ಹೇಳ್ತೇನೆ. ತಪ್ಪಿದ್ದಲ್ಲಿ ನನ್ನನ್ನು ತಿದ್ದಿ. ಈ ಜನವರಿ ಆದ ಮೇಲೆ ಲೈಬ್ರರಿಯಿಂದ ಕದ್ದ ಬ್ಲಾಕಾದರೆ ಅದರಲ್ಲಿ ಮಿನುಗು ಇರ್ತದೆ, ತಪ್ಪು ಇರುವುದಿಲ್ಲ. ಎರಡು ವರ್ಷದ ಹಿಂದೆ ಕದ್ದದ್ದಾದರೆ ತಪ್ಪು ಇರ್ತದೆ, ಮಿನುಗು ಇರುವುದಿಲ್ಲ. ಎರಡೂ ಇರುವ ಬ್ಲಾಕು ಲೈಬ್ರರಿಯಲ್ಲಿ ಯಾವತ್ತೂ ಇರಲೇ ಇಲ್ಲ. ಹಾಗಾದರೆ ಅದು ಲೈಬ್ರರಿಯಿಂದ ಹೋದದ್ದಲ್ಲ. ಯಾರೋ ಹಳೆಯ ಪ್ರತಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಹೊಸತನ್ನು ಅದಕ್ಕೇ ಕೈಯಿಂದ ಸೇರಿಸಿದ್ದಾರೆ. ಫಾಯಿಝ್ ಇಡೀ ಲೈಬ್ರರಿ ಇಳಿಸಿದ್ದೇ ಅವನನ್ನು ಉಳಿಸ್ತದೆ. ಅವನ ಲ್ಯಾಪ್‌ಟಾಪಿನಿಂದ ಹೋಗಿದ್ದರೆ ದೀಪ ಸರಿಯಾಗಿ ಹತ್ತಬೇಕಿತ್ತು.” ಅವಳು ಬೋರ್ಡಿನ ಸ್ವಿಚ್ಚು ಆರಿಸಿದಳು. “ಹಳೆಯ ಪ್ರತಿ ಇರುವುದು ನಿಮ್ಮ ಹತ್ತಿರ ಸಾರ್. ಹೊರಗೆ ಕೊಟ್ಟವರೂ ನೀವೇ.”

“ಸರ್, ಹೌದಾ?” ವೇದಾ ಅವರತ್ತ ಒಂದು ಹೆಜ್ಜೆ ಇಟ್ಟಳು. “ಇಲ್ಲ ಅನ್ನಿ ಸರ್.”

ಮುದ್ದುಕೃಷ್ಣ ಕನ್ನಡಕ ಹಾಕಿಕೊಂಡರು.

“ತಪ್ಪು ಸರಿಯಾಗಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲಮ್ಮ. ನೀನು ಹೇಳಿರ್ಲಿಲ್ಲ.”

“ಎಲ್ಲರಿಗೂ ಮೇಲ್ ಹೋಗಿತ್ತಲ್ಲ ಸರ್...”

“ಹೋಗಿರುತ್ತೆ. ಇನ್ನೂರು ಬ್ಲಾಕು, ದಿನಾ ಮೇಲ್. ನಾನು ಬರೆದದ್ದನ್ನ ನಾನೇ ಲೈಬ್ರರಿಯಿಂದ ಕಡ ತರೋದು ಯಾಕೆ ಅಂತ ನನ್ನ ಪ್ರತಿ ನಾನೇ ಇಟ್ಕೊಂಡಿದ್ದೆ. ವುಕೈರ್‌ನವರು ಹಳದಿ ದೀಪ ಬೇಕು ಅಂದ್ರು. ಅದೊಂದನ್ನ ಲೈಬ್ರರಿಲಿ ನೋಡಿ ಬರ್ಕೊಂಡೆ.”

“ವ್ಯಾಲೆಂಟೈನ್‌ಗೆ ಕೊಟ್ಟದ್ದಾ?” ಸಕೀನಾ ಕೇಳಿದಳು. ವ್ಯಾಲೆಂಟೈನ್ ಹಿಂದೆ ಇಲ್ಲೇ ಮುದ್ದುಕೃಷ್ಣರ ಕೈಕೆಳಗೆ ಕಲಿತು ಹೋದವನು. ಈಗ ಆ ಇನ್ನೊಂದು ಕಂಪನಿಯಲ್ಲಿದ್ದ.

“ಹೂಂ. ಅವನು ಫೋನ್ ಮಾಡ್ದ. ‘ಸರ್, ಪಂಪು ಸಾಲಾಗಿ ಬರ್ತಾ ಇಲ್ಲ, ನೀವೇ ಹೇಳ್ಕೊಡ್ಬೇಕು’ ಅಂದ. ಮೂರು ಶುಕ್ರವಾರ ಕೂತು ಹೇಳಿಕೊಟ್ಟೆ. ಕೊನೆಗೆ, ಹಿಂಗೆ ನೋಡು ಅಂತ ಕಳಿಸ್ಬಿಟ್ಟೆ. ಹಾಗೇ ಎತ್ತಿ ಬೋರ್ಡಿಗೆ ಹಾಕ್ತಾನೆ ಅಂತ ಅನ್ಕೊಂಡಿರ್ಲಿಲ್ಲ.” ಅವರು ವೇದಾಳತ್ತ ನೋಡಿದರು. “ನಾಲ್ಕು ವರ್ಷ ಆಯ್ತು ಕಣಮ್ಮ, ಈ ಆಫೀಸಲ್ಲಿ ನನ್ನ ಯಾರಾದ್ರೂ ಏನಾದ್ರೂ ಕೇಳಿ. ಮೊದಲು ಹಂಗಲ್ಲ. ಎಲ್ರೂ ನನ್ನ ಕುರ್ಚಿ ಸುತ್ತ ಇರೋರು. ನೀನು ಲೈಬ್ರರಿ ಶುರು ಮಾಡಿದಾಗ ಏನಂದೆ? ‘ಬರೆದವರನ್ನ ಕೇಳೋ ಪ್ರಮೇಯಾನೇ ಬರ್ಬಾರ್ದು ಸರ್, ಅದೇ ಒಳ್ಳೆ ಲೈಬ್ರರಿ.’ ಒಳ್ಳೇದೇ ಮಾಡ್ದೆ. ನನ್ನ ಬ್ಲಾಕು ಊರೆಲ್ಲ ಓಡಾಡ್ತು. ನಾನು ಇಲ್ಲಿ ಕೂತೆ.”

ವೇದಾಗೆ ಮುಖ ಎತ್ತಲಾಗಲಿಲ್ಲ. ಆ ಮಾತನ್ನು ಅವಳು ಎಷ್ಟೋ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದಳು.

ಸಕೀನಾ ಕರಗಲಿಲ್ಲ.

“ಬ್ಲಾಕು ಕೊಟ್ಟದ್ದಕ್ಕೆ ನಾನು ನಿಮ್ಮನ್ನು ಕಳ್ಳ ಅನ್ನುವುದಿಲ್ಲ ಸಾರ್. ನಿಮಗೆ ಬೇಸರ ಇತ್ತು. ಆದರೆ ಎರಡು ದಿನದಿಂದ ಫಾಯಿಝ್ ನಿಮ್ಮ ಎದುರಿನ ಮೇಜಿನಲ್ಲೇ ಕೂತಿದ್ದಾನೆ. ಅನ್ನ ಮುಟ್ಟಿಲ್ಲ. ಅದನ್ನು ನೋಡಿಕೊಂಡು ಹೇಗೆ ಸುಮ್ಮನಿದ್ರಿ?”

ಮುದ್ದುಕೃಷ್ಣ ಭೂತಗಾಜನ್ನು ಮೇಜಿನ ಅಂಚಿಗೆ ಸರಿಸಿದರು. 

“ಒಂದು ವಾರ್ನಿಂಗ್ ಕೊಟ್ಟು ಬಿಡ್ತಾರೆ ಅನ್ಕೊಂಡೆ.” ಮತ್ತೆ ಅವರೇ ತಲೆ ಅಲ್ಲಾಡಿಸಿ, “ಇಲ್ಲ. ಸುಳ್ಳು. ಹೆದರಿದೆ,” ಎಂದರು.

ವೇದಾಗೆ ಅವರ ಮೇಲೆ ಕೋಪ ಬಂತು, ಅಯ್ಯೋ ಎಂದೂ ಅನ್ನಿಸಿತು. ಎರಡರಲ್ಲಿ ಯಾವುದನ್ನೂ ತಳ್ಳಿಹಾಕುವುದು ಅವಳಿಂದಾಗಲಿಲ್ಲ.

“ಸರ್, ವರದಿ ನಾನು ಬರೀಬೇಕು.”

“ಬರಿ,” ಎಂದರು ಮುದ್ದುಕೃಷ್ಣ. “ಅದಕ್ಕೆ ಮುಂಚೆ ನಾನೇ ಆಲ್ಬರ್ಟ್ ಹತ್ರ ಹೋಗಿ ಬರ್ತೀನಿ. ಅದಕ್ಕೂ ಮುಂಚೆ ಆ ಫಾಯಿಝ್ ಹತ್ರ.”

*

ಹೊಸ ವರದಿ ಅರ್ಧ ಪುಟದ್ದು. ಒಂದೂವರೆಗೆ ಸಕೀನಾ ಅದನ್ನು ಎರಡು ಸಲ ಓದಿ, ನಂಬರು ಹಾಕಿದಳು. ಹಳೆಯದನ್ನು ತಾನೇ ಯಂತ್ರಕ್ಕೆ ಕೊಟ್ಟು ಚೂರು ಮಾಡಿದಳು. “ಇದರ ಪ್ರತಿ ಯಾರ ಡ್ರಾವರಿನಲ್ಲೂ ಇಲ್ಲ ಅಲ್ವಾ?” ಎಂದು ಕೇಳುವುದನ್ನು ಮರೆಯಲಿಲ್ಲ.

ಮುದ್ದುಕೃಷ್ಣ ಫಾಯಿಝ್‌ನ ಮೇಜಿನ ಬಳಿ ನಿಂತು ಏನು ಹೇಳಿದರೋ ವೇದಾಗೆ ಕೇಳಿಸಲಿಲ್ಲ. ಫಾಯಿಝ್ ಎದ್ದು ನಿಂತದ್ದು ಕಾಣಿಸಿತು. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದಳು, ಕೂಗಾಡಲಿಲ್ಲ. “ನನಗೊಂದು ಮಾತು ಹೇಳಬಹುದಿತ್ತಲ್ಲ ಸಾರ್,” ಎಂದದ್ದು ಮಾತ್ರ ಕೇಳಿಸಿತು. ಅವರು ಚಾಚಿದ ಕೈಯನ್ನು ಅವನು ಹಿಡಿಯಲಿಲ್ಲ.

ಆಮೇಲೆ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಫೋನಿನಲ್ಲಿ ಹೇಳುತ್ತಿದ್ದ: “ಹಸ್ನಾ, ಪೆಟ್ಟಿಗೆ ಬಿಚ್ಚು... ಹೌದು, ಎಲ್ಲ. ಮಗಳ ಬಟ್ಟೆ ಕಪಾಟಿನಲ್ಲೇ ಇಡು. ಹೋಗ್ಲಿಕ್ಕಿಲ್ಲ... ಅಳಬೇಡ, ಹೋಗ್ಲಿಕ್ಕಿಲ್ಲ ಅಂತ ಹೇಳಿದ್ನಲ್ಲ.” ಹೇಳುತ್ತಿದ್ದವನೇ ಅಳುತ್ತಿದ್ದ. ವೇದಾ ಅವನೆದುರು ನಿಂತು ಕ್ಷಮಿಸು ಎಂದಳು. ಅವನು ತಲೆಯಾಡಿಸಿದ. ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ತಿಳಿಯುವುದಕ್ಕೆ ಇನ್ನೂ ಎಷ್ಟೋ ದಿನ ಬೇಕು ಎಂದು ಅವಳಿಗೆ ಗೊತ್ತಿತ್ತು.

ಮೂರು ಗಂಟೆಗೆ ಮುದ್ದುಕೃಷ್ಣ ಗುರುತಿನ ಚೀಟಿ ಕೊಟ್ಟು ಹೊರಟರು. ಆಲ್ಬರ್ಟ್ ಪೊಲೀಸಿಗೆ ಹೋಗುವುದಿಲ್ಲ ಎಂದಿದ್ದರು, ಇಂದಿನಿಂದ ಕೆಲಸ ಮಾತ್ರ ಇಲ್ಲ. ವೇದಾ ಲಿಫ್ಟಿನವರೆಗೆ ಜೊತೆಯಲ್ಲಿ ನಡೆದಳು.

ಲಿಫ್ಟು ಬಂತು. ಒಳಗೆ ಹೋಗಿ ತಿರುಗಿ ನಿಂತ ಅವರು, “ಏನಾದ್ರೂ ಕೇಳೋದಿದ್ರೆ ಫೋನ್ ಮಾಡಮ್ಮ,” ಎಂದರು.

ವೇದಾ ಹುಡುಕಿದಳು. ಅವರು ಬರೆದ ಬ್ಲಾಕುಗಳನ್ನೆಲ್ಲ ಒಂದೊಂದಾಗಿ ನೆನೆದಳು. ಪ್ರತಿಯೊಂದಕ್ಕೂ ವಿವರಣೆ ಇತ್ತು, ಪರೀಕ್ಷೆ ಆಗಿತ್ತು, ಅರ್ಥವಾಗದ ಒಂದು ಸಾಲೂ ಎಲ್ಲೂ ಉಳಿದಿರಲಿಲ್ಲ. ಅಷ್ಟು ಚೆನ್ನಾಗಿ ಅವಳೇ ಮಾಡಿಟ್ಟಿದ್ದಳು. ಕೇಳುವಂಥದ್ದು ಒಂದೂ ಸಿಗಲಿಲ್ಲ.

“ಖಂಡಿತ ಮಾಡ್ತೀನಿ ಸರ್,” ಎಂದಳು.

ಅವಳು ಸುಳ್ಳು ಹೇಳುತ್ತಿದ್ದಾಳೆಂದು ಅವರಿಗೆ ತಿಳಿಯಿತು. ಆದರೂ, ನಂಬಿದವರ ಹಾಗೆ, “ಶುಕ್ರವಾರ ಆದ್ರೆ ಒಳ್ಳೇದು,” ಎಂದರು.